ಟರ್ಕಿ ಕೋಳಿಯ ಹೆಸರಿನ ಹಿಂದೆ ಯಾವ ದೇಶ?

2022ರ ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆ ತನ್ನ ದಾಖಲೆಗಳಲ್ಲಿ ಟರ್ಕಿ ದೇಶದ ಹೆಸರನ್ನು ತುರ್ಕಿಯೆ ಎಂದು ತಿದ್ದಿಕೊಂಡಿತು. ಹಾಗೆ ಮಾಡಲು ಕೇಳಿಕೊಂಡದ್ದು ಆ ದೇಶದ ಸರ್ಕಾರವೇ. ಇಂಗ್ಲಿಷಿನಲ್ಲಿ ತಮ್ಮ ನಾಡಿನ ಹೆಸರು ಹುಡುಕಿದರೆ ಕ್ರಿಸ್‌ಮಸ್ ಊಟದ ಕೋಳಿ ಎದುರಾಗುತ್ತದೆ ಎಂಬ ಬೇಸರ ಅಲ್ಲಿನ ಸರ್ಕಾರಿ ಸುದ್ದಿವಾಹಿನಿಯಲ್ಲಿ ಬಹಿರಂಗವಾಗಿಯೇ ವ್ಯಕ್ತವಾಗಿತ್ತು. ಆ ಹಕ್ಕಿಗೂ ಆ ದೇಶಕ್ಕೂ ಹುಟ್ಟಿನ ನಂಟು ಏನೇನೂ ಇಲ್ಲ. ಅದು ಮೆಕ್ಸಿಕೋದ ಹಕ್ಕಿ. ತುರ್ಕಿ ಭಾಷೆಯಲ್ಲಿ ಅದರ ಹೆಸರು ‘ಹಿಂದಿ’, ಎಂದರೆ ಹಿಂದೂಸ್ತಾನದ್ದು. ಇಂಗ್ಲಿಷರು ಟರ್ಕಿಯತ್ತ ಕೈ ತೋರಿಸಿದರೆ ಟರ್ಕಿಯವರು ನಮ್ಮತ್ತ ಕೈ ತೋರಿಸುತ್ತಾರೆ.

ಈ ತಪ್ಪು ಹೆಸರು ಹೇಗೆ ಹುಟ್ಟಿತು ಎಂಬ ಚರ್ಚೆಗೆ ಇನ್ನೂರೈವತ್ತು ವರ್ಷಗಳ ಹತ್ತಿರವಾಯಿತು. ಗಿನಿ ಕೋಳಿಯೊಂದಿಗಿನ ಗೊಂದಲವೇ ಕಾರಣ ಎನ್ನುವವರು ಒಂದು ಕಡೆ, ಹಕ್ಕಿ ತಂದ ವರ್ತಕರೇ ಕಾರಣ ಎನ್ನುವವರು ಇನ್ನೊಂದು ಕಡೆ. ಆ ಕಾಲದ ಇಂಗ್ಲಿಷಿನಲ್ಲಿ ‘ಟರ್ಕಿ’ ಎಂದರೆ ಬರಿದೇ ‘ಪರದೇಶದ್ದು’ ಎಂಬ ಅರ್ಥವಿತ್ತು ಎನ್ನುವವರು ಮೂರನೆಯವರು. ಇವಲ್ಲದೆ ಹೀಬ್ರೂ ಮೂಲದ ಒಂದು ಕತೆಯೂ ಇದೆ, ಅದರ ಬೇರು ದ್ರಾವಿಡ ನುಡಿಗಳವರೆಗೆ ಚಾಚುತ್ತದೆ. ಯಾವ ವಾದ ಎಷ್ಟು ಗಟ್ಟಿ ಎಂದು ತೂಗುವ ಮೊದಲು ಹಕ್ಕಿ ಬಂದ ದಾರಿಯನ್ನು ನೋಡಬೇಕು.

ಮೆಕ್ಸಿಕೋದಿಂದ ಇಂಗ್ಲೆಂಡಿಗೆ

ಮೆಕ್ಸಿಕೋದ ಜನ ಈ ಹಕ್ಕಿಯನ್ನು ಪಳಗಿಸಿ ಸುಮಾರು ಎರಡು ಸಾವಿರ ವರ್ಷಗಳಾದರೂ ಆಗಿವೆ. ಅಜ್ಟೆಕರ ನಹುವಾತ್ಲ್ ಭಾಷೆಯಲ್ಲಿ ಹುಂಜಕ್ಕೂ ಹೇಂಟೆಗೂ ಬೇರೆ ಬೇರೆ ಹೆಸರಿದ್ದವು. ಹುಂಜದ ಹೆಸರು ‘ವೆಶೊಲೋತ್ಲ್’. ಅದೇ ಸವೆದು ಇಂದಿಗೂ ಮೆಕ್ಸಿಕೋದ ಸ್ಪ್ಯಾನಿಷಿನಲ್ಲಿ ‘ಗ್ವಾಹೊಲೋತೆ’ ಆಗಿ ಉಳಿದಿದೆ. ಹಕ್ಕಿಯ ತಾಯ್ನೆಲದ ನೆನಪು ಉಳಿಸಿಕೊಂಡ ಹೆಸರುಗಳು ಲೋಕದಲ್ಲಿ ತೀರ ವಿರಳ, ಇದು ಅವುಗಳಲ್ಲೊಂದು. ಸ್ಪೇನಿನ ಸ್ಪ್ಯಾನಿಷರು ಮಾತ್ರ ಅದನ್ನು ನವಿಲಿಗೆ ಹೋಲಿಸಿ ‘ಪಾವೊ’ ಎಂದರು.

ಸ್ಪ್ಯಾನಿಷರ ಹಡಗುಗಳಲ್ಲಿ ಹಕ್ಕಿ ಅಟ್ಲಾಂಟಿಕ್ ದಾಟಿತು. 1520ರಲ್ಲಿ ಹಿಸ್ಪಾನಿಯೋಲಾ ದ್ವೀಪದ ಬಿಷಪ್ ಅಲೆಸ್ಸಾಂದ್ರೊ ಜೆರಾಲ್ದಿನಿ ಒಂದು ಜೋಡಿಯನ್ನು ರೋಮಿನ ಕಾರ್ಡಿನಲ್ ಒಬ್ಬರಿಗೆ ಕಾಣಿಕೆಯಾಗಿ ಕಳಿಸಿದ್ದರು. ಅಲ್ಲಿಂದ ಮುಂದೆ ಅದು ಹಬ್ಬಿದ ವೇಗ ಬೆರಗು ಹುಟ್ಟಿಸುತ್ತದೆ. ಸಾಕಲು ಸುಲಭ, ಮೈತುಂಬ ಮಾಂಸ, ನೋಡಲು ಗತ್ತು. ರಾಜರ ತೋಟದಿಂದ ರೈತರ ಹಿತ್ತಿಲಿಗೆ ಇಳಿಯಲು ಅದಕ್ಕೆ ಎರಡು ತಲೆಮಾರು ಸಾಕಾಯಿತು.

ಇಂಗ್ಲೆಂಡಿಗೆ ತಂದದ್ದು ಯಾರು? ಯಾರ್ಕ್‌ಷೈರಿನ ವಿಲಿಯಂ ಸ್ಟ್ರಿಕ್‌ಲೆಂಡ್ 1526ರಲ್ಲಿ ಅಮೆರಿಕದಿಂದ ಆರು ಹಕ್ಕಿ ತಂದು ಬ್ರಿಸ್ಟಲ್ ಪೇಟೆಯಲ್ಲಿ ಮಾರಿದ ಎಂಬ ಪ್ರತೀತಿ ಇದೆ. 1550ರಲ್ಲಿ ಆತನ ಮನೆತನದ ಲಾಂಛನಕ್ಕೆ ಟರ್ಕಿ ಹುಂಜವೇ ಶಿಖರವಾಯಿತು ಎಂಬುದಂತೂ ದಾಖಲೆಯಲ್ಲಿದೆ. ಆದರೆ ಸ್ಟ್ರಿಕ್‌ಲೆಂಡ್ ಸತ್ತದ್ದು 1598ರಲ್ಲಿ. 1526ರಲ್ಲಿ ಆತ ಕಡಲು ದಾಟಿ ವ್ಯಾಪಾರ ಮಾಡುವ ಪ್ರಾಯಕ್ಕೆ ಬಂದಿದ್ದರೆ ತೊಂಬತ್ತರ ಆಸುಪಾಸಿನವರೆಗೆ ಬದುಕಿರಬೇಕು. ಅಸಾಧ್ಯವಲ್ಲ, ಆದರೆ ಲಾಂಛನ ನೋಡಿ ಕಟ್ಟಿದ ಕತೆ ಇದು ಎಂದೇ ನನಗೆ ತೋರುತ್ತದೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನೆಲದಡಿಯಿಂದ ಬಂತು. ಎಕ್ಸೆಟರ್ ನಗರದಲ್ಲಿ 1983ರಲ್ಲಿ ಅಗೆದು ತೆಗೆದ ಒಂದು ರಾಶಿ ಮೂಳೆಗಳಲ್ಲಿ ಎರಡು ತೊಡೆಮೂಳೆ, ಒಂದು ರೆಕ್ಕೆಮೂಳೆ ಟರ್ಕಿ ಕೋಳಿಯವು. ಜೊತೆಗೆ ಸಿಕ್ಕ ಮಡಕೆ ಚೂರುಗಳ ಆಧಾರದಿಂದ ಅವು 1520ರಿಂದ 1550ರ ನಡುವಿನವು ಎಂದು ಪುರಾತತ್ವಜ್ಞರು ತೀರ್ಮಾನಿಸಿದರು. ಯಾವುದೋ ಉಳ್ಳವರ ಔತಣದ ಎಂಜಲು ಅದು. ಇಂಗ್ಲಿಷಿನಲ್ಲಿ ‘ಟರ್ಕಿ ಹುಂಜ’ ಎಂಬ ಮಾತು ಮೊದಲು ಕಾಣಿಸಿಕೊಳ್ಳುವ 1541ನೇ ಇಸವಿಯೂ ಅದೇ ಅವಧಿಯೊಳಗೆ ಬೀಳುತ್ತದೆ.

ಆ 1541ರ ಉಲ್ಲೇಖವನ್ನು ಹತ್ತಿರದಿಂದ ನೋಡಬೇಕು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಪಾದ್ರಿಗಳ ಊಟದ ದುಂದಿಗೆ ಕಡಿವಾಣ ಹಾಕಲು ಹೊರಡಿಸಿದ ಕಟ್ಟಳೆ ಅದು. ದೊಡ್ಡ ಹಕ್ಕಿಗಳಾದರೆ ಒಂದು ತಟ್ಟೆಗೆ ಒಂದೇ ಎಂಬುದು ನಿಯಮ. ದೊಡ್ಡ ಹಕ್ಕಿ ಎಂದರೆ ಯಾವುವು ಎನ್ನಲು ಕೊಕ್ಕರೆ, ಹಂಸಗಳ ಸಾಲಿನಲ್ಲೇ ಟರ್ಕಿ ಹುಂಜವನ್ನೂ ಹೆಸರಿಸಲಾಗಿದೆ. ಇಡೀ ಚರ್ಚೆ ತಿರುಗುವುದು ಈ ಒಂದು ಸಾಲಿನ ಸುತ್ತ. ಇಲ್ಲಿ ಹೇಳಿರುವುದು ಅಮೆರಿಕದ ಹಕ್ಕಿಯನ್ನೋ, ಆಫ್ರಿಕಾದ ಗಿನಿ ಕೋಳಿಯನ್ನೋ?

ಗಿನಿ ಕೋಳಿಯ ವಾದ

ಹೆಚ್ಚಿನ ನಿಘಂಟುಗಳು ಒಪ್ಪಿಕೊಂಡಿರುವ ವಿವರಣೆ ಹೀಗಿದೆ. ಮೈಮೇಲೆ ಬಿಳಿ ಚುಕ್ಕೆಯಿರುವ ಗಿನಿ ಕೋಳಿ ಆಫ್ರಿಕಾದ ಹಕ್ಕಿ. ಗ್ರೀಕರಿಗೂ ರೋಮನ್ನರಿಗೂ ಅದು ಗೊತ್ತಿತ್ತು. ಮೆಲಿಯಾಗರ್ ಎಂಬ ವೀರ ಸತ್ತಾಗ ಅತ್ತತ್ತು ಹಕ್ಕಿಗಳಾದ ಅವನ ತಂಗಿಯರ ಕತೆ ಹೇಳಿ, ಕಣ್ಣೀರೇ ಚುಕ್ಕೆಯಾಯಿತೆಂದು ಅದಕ್ಕೆ ‘ಮೆಲಿಯಾಗ್ರಿಸ್’ ಎಂದು ಹೆಸರಿಟ್ಟಿದ್ದರು. ಈ ಹಕ್ಕಿ ತುರ್ಕರ ಆಳ್ವಿಕೆಯ ನಾಡುಗಳ ಮೂಲಕ ಮತ್ತೆ ಯುರೋಪಿಗೆ ಬಂದದ್ದರಿಂದ ಇಂಗ್ಲಿಷರು ಅದನ್ನು ಮೊದಲು ಟರ್ಕಿ ಕೋಳಿ ಎಂದರು. ಬಳಿಕ ಅಮೆರಿಕದ ದೊಡ್ಡ ಹಕ್ಕಿ ಬಂದಾಗ ಎರಡನ್ನೂ ಒಂದೇ ಜಾತಿಯೆಂದು ಬಗೆದರು. ಬೇರೆ ಬೇರೆ ಎಂದು ತಿಳಿಯುವ ಹೊತ್ತಿಗೆ ಹೆಸರು ದೊಡ್ಡ ಹಕ್ಕಿಗೆ ಅಂಟಿಕೊಂಡಿತ್ತು, ಚಿಕ್ಕದು ಪೋರ್ಚುಗೀಸರು ತಂದ ತೀರದ ಹೆಸರಿನಿಂದ ಗಿನಿ ಕೋಳಿಯಾಯಿತು. ಆಕ್ಸ್‌ಫರ್ಡ್ ನಿಘಂಟೂ ವಾಲಿರುವುದು ಈ ಕಡೆಗೇ.

ಗೊಂದಲ ಇತ್ತು ಎಂಬುದರಲ್ಲಿ ಸಂಶಯವಿಲ್ಲ. ಫ್ರಾನ್ಸಿನ ಪಿಯೇರ್ ಬೆಲೋನ್ 1555ರ ತನ್ನ ಪಕ್ಷಿಗ್ರಂಥದಲ್ಲಿ ಅಮೆರಿಕದ ಹಕ್ಕಿಯನ್ನೇ ಪ್ರಾಚೀನರ ಮೆಲಿಯಾಗ್ರಿಸ್ ಎಂದುಕೊಂಡ. ಆ ಗೊಂದಲ ವಿಜ್ಞಾನದಲ್ಲೂ ಹೆಪ್ಪುಗಟ್ಟಿ ಕೂತಿದೆ. 1758ರಲ್ಲಿ ಲಿನೇಯಸ್ ಟರ್ಕಿ ಕೋಳಿಗೆ ಕೊಟ್ಟ ಹೆಸರು ‘ಮೆಲಿಯಾಗ್ರಿಸ್ ಗ್ಯಾಲೊಪಾವೊ’. ಮೊದಲ ಪದ ಗಿನಿ ಕೋಳಿಯದು, ಎರಡನೆಯದು ಲ್ಯಾಟಿನ್ ಕೋಳಿಯನ್ನೂ ನವಿಲನ್ನೂ ಕೂಡಿಸಿದ್ದು. ಅಮೆರಿಕದ ಸುಳಿವು ಎರಡರಲ್ಲೂ ಇಲ್ಲ. 1781ರಷ್ಟು ತಡವಾಗಿ ಡೇನ್ಸ್ ಬ್ಯಾರಿಂಗ್ಟನ್ ಎಂಬ ಇಂಗ್ಲಿಷ್ ವಿದ್ವಾಂಸ ಟರ್ಕಿ ಕೋಳಿ ಅಮೆರಿಕದ್ದೇ ಅಲ್ಲ ಎಂದು ವಾದಿಸಿದ. ಅದೇ ವರ್ಷ ಥಾಮಸ್ ಪೆನೆಂಟ್ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಹಕ್ಕಿ ಹೊಸ ಜಗತ್ತಿನದೇ ಎಂದು ಆಧಾರ ಸಮೇತ ಬರೆದ ಮೇಲೆ ಆ ಭಾಗದ ಜಗಳ ಮುಗಿಯಿತು.

ಆದರೂ ಗಿನಿ ಕೋಳಿಯ ವಾದದಲ್ಲಿ ನನಗೆ ಎರಡು ಬಿರುಕು ಕಾಣುತ್ತವೆ. ಗಿನಿ ಕೋಳಿ ಪಶ್ಚಿಮ ಯುರೋಪಿಗೆ ಹೊಸದಾಗಿ ಬಂದದ್ದು ಪಶ್ಚಿಮ ಆಫ್ರಿಕಾದ ತೀರದಿಂದ ಪೋರ್ಚುಗೀಸರ ಹಡಗುಗಳಲ್ಲಿ ಎಂಬುದಕ್ಕಿರುವ ಆಧಾರ ತುರ್ಕರ ನಾಡಿನಿಂದ ಬಂತೆಂಬುದಕ್ಕಿಲ್ಲ. ಎರಡನೆಯದು ಕ್ರ್ಯಾನ್ಮರನ ಕಟ್ಟಳೆ. ಕೊಕ್ಕರೆ, ಹಂಸಗಳ ಪಕ್ಕದಲ್ಲಿ ಒಂದೂವರೆ ಕಿಲೋ ತೂಗುವ ಗಿನಿ ಕೋಳಿಯನ್ನು ದೊಡ್ಡ ಹಕ್ಕಿ ಎಂದು ಯಾರು ಕೂರಿಸುತ್ತಾರೆ? ಎಕ್ಸೆಟರಿನ ಮೂಳೆಗಳನ್ನೂ ಇದರ ಜೊತೆಗಿಟ್ಟು ನೋಡಿದರೆ, ಆ ಹೆಸರು ಬರಹಕ್ಕೆ ಬಂದ ಮೊದಲ ಸಲವೇ ಅಮೆರಿಕದ ಹಕ್ಕಿಗೆ ಸಂದಿತ್ತು ಎನ್ನುವ ಸಾಧ್ಯತೆ ಬಲವಾಗುತ್ತದೆ. ಅದಕ್ಕೂ ಮೊದಲು ಬಾಯಿಮಾತಿನಲ್ಲಿ ಯಾವ ಹಕ್ಕಿಗೆ ಸಂದಿತ್ತೋ ಅದು ಬೇರೆ ಮಾತು.

ಹಡಗಿನ ವರ್ತಕರು

ಎರಡನೆಯ ವಾದಕ್ಕೆ ಗಿನಿ ಕೋಳಿಯ ಹಂಗಿಲ್ಲ. ಪೂರ್ವ ಮೆಡಿಟರೇನಿಯನ್ ಬಂದರುಗಳೊಂದಿಗೆ ವ್ಯವಹರಿಸುವವರನ್ನು ಇಂಗ್ಲಿಷರು ಟರ್ಕಿ ವರ್ತಕರು ಎನ್ನುತ್ತಿದ್ದರು, ಹಕ್ಕಿಯನ್ನು ಲಂಡನ್ನಿಗೆ ತಂದವರು ಅವರೇ, ಆದ್ದರಿಂದ ಅದು ಟರ್ಕಿ ಹಕ್ಕಿ. ಕೇಳಲು ಸರಳ. ಜನಪ್ರಿಯ ಬರಹಗಳು ಇದನ್ನೇ ಎತ್ತಿಕೊಳ್ಳುವುದು ಅದಕ್ಕೇ.

ಇಸವಿಗಳನ್ನು ಜೋಡಿಸಿದಾಗ ತೊಡಕು ಶುರುವಾಗುತ್ತದೆ. ಟರ್ಕಿಯೊಂದಿಗೆ ವ್ಯಾಪಾರಕ್ಕೆಂದು ಎಲಿಜಬೆತ್ ರಾಣಿ ಕಂಪನಿಗೆ ಸನ್ನದು ಕೊಟ್ಟದ್ದು 1581ರಲ್ಲಿ. ಮುಂದೆ 1592ರಲ್ಲಿ ಅದೇ ಲೆವಾಂಟ್ ಕಂಪನಿಯಾಯಿತು. ಹಕ್ಕಿಯ ಹೆಸರು ಅದಕ್ಕಿಂತ ನಲವತ್ತು ವರ್ಷ ಹಳೆಯದು. ಆದ್ದರಿಂದ ಕಂಪನಿಯ ಹೆಸರೆತ್ತಿ ವಾದ ಮಾಡುವಂತಿಲ್ಲ. ಕಂಪನಿಗೂ ಮೊದಲೇ ವ್ಯಾಪಾರವಿತ್ತು ಎನ್ನಬಹುದು, ಅದಕ್ಕೆ ಆಧಾರವೂ ಇದೆ. 1511ರಿಂದ 1534ರವರೆಗೆ ಲಂಡನ್, ಸೌತಾಂಪ್ಟನ್, ಬ್ರಿಸ್ಟಲ್‌ಗಳ ಹಡಗುಗಳು ಸಿಸಿಲಿ, ಕ್ರೀಟ್, ಕಿಯೋಸ್ ದ್ವೀಪಗಳವರೆಗೆ ಹೋಗಿ ಬರುತ್ತಿದ್ದವೆಂದು ರಿಚರ್ಡ್ ಹ್ಯಾಕ್ಲೂಟ್ ಬರೆದಿಟ್ಟಿದ್ದಾನೆ. ಆದರೆ ಆ ಹಡಗುಗಳು ಹೇರಿಕೊಂಡು ಬಂದದ್ದು ರೇಷ್ಮೆ, ದ್ರಾಕ್ಷಾರಸ, ಎಣ್ಣೆ, ಹತ್ತಿ, ರತ್ನಗಂಬಳಿ, ಸಾಂಬಾರ ಪದಾರ್ಥ. ಸೆವಿಲ್ ನಗರದಲ್ಲಿಯೇ ಇಂಗ್ಲಿಷ್ ವ್ಯಾಪಾರಿಗಳು ನೆಲೆಸಿದ್ದ ಕಾಲದಲ್ಲಿ, ಅಮೆರಿಕದಿಂದ ಸ್ಪೇನಿಗೆ ಬಂದಿಳಿದ ಜೀವಂತ ಹಕ್ಕಿಯನ್ನು ಮೆಡಿಟರೇನಿಯನ್ನಿನ ಆ ತುದಿಗೆ ಒಯ್ದು, ಅಲ್ಲಿಂದ ಮತ್ತೆ ಲಂಡನ್ನಿಗೆ ತಂದರು ಎಂದು ನಂಬಲು ಇನ್ನೂ ಬಲವಾದ ಕಾರಣ ಬೇಕು.

‘ಟರ್ಕಿ’ ಎಂದರೆ ಪರದೇಶ

ನನ್ನ ಒಲವು ಮೂರನೆಯ ವಾದದ ಕಡೆಗೆ. ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳುವುದೇ ಬೇಡ. ನಮ್ಮಲ್ಲಿ ಸೀಮೆಎಣ್ಣೆ ಇದೆ, ಸೀಮೆಸುಣ್ಣ ಇದೆ, ಸೀಮೆಹಸು ಇದೆ. ಯಾವ ಸೀಮೆ ಎಂದು ಯಾರೂ ಕೇಳುವುದಿಲ್ಲ. ಕಡಲಾಚೆಯ ಯಾವುದೋ ಸೀಮೆ, ಅಷ್ಟೇ. ಟರ್ಕಿ ಕೋಳಿಯ ಹಾಗೆಯೇ ಮೆಕ್ಸಿಕೋದ ಕಡೆಯಿಂದ ಬಂದ ಎರಡು ಸಸ್ಯಗಳಿಗೂ ನಾವು ಅದೇ ಮುಂಪದ ಹಚ್ಚಿದೆವು: ಸೀಮೆಬದನೆ, ಸೀಮೆಹುಣಸೆ. ಹದಿನಾರನೆಯ ಶತಮಾನದ ಯುರೋಪಿಗೆ ಟರ್ಕಿ ಅಂಥದೇ ಸೀಮೆಯಾಗಿತ್ತು. ಆಟಮನ್ ಸಾಮ್ರಾಜ್ಯ ವಿಯೆನ್ನಾದ ಗೋಡೆ ಮುಟ್ಟಿದ್ದ ಕಾಲ ಅದು. ಅಪರಿಚಿತವಾದದ್ದು, ಬೆರಗಿನದು ಏನೇ ಬಂದರೂ ಆ ಹೆಸರೇ ಮೊದಲು ನಾಲಗೆಗೆ ಬರುತ್ತಿತ್ತು.

ಇದಕ್ಕೆ ಒಳ್ಳೆಯ ಸಾಕ್ಷಿ ಮೆಕ್ಕೆಜೋಳ. ಅದೂ ಅಮೆರಿಕದ್ದೇ. ಆದರೆ ಜರ್ಮನಿಯ ಲಿಯೊನ್‌ಹಾರ್ಟ್ ಫುಕ್ಸ್ 1542ರ ತನ್ನ ಸಸ್ಯಗ್ರಂಥದಲ್ಲಿ ಅದನ್ನು ತುರ್ಕಿಯ ಧಾನ್ಯವೆಂದೇ ಕರೆದ, ಗ್ರೀಸ್ ಮತ್ತು ಏಷ್ಯಾದಿಂದ ಬಂತೆಂದು ನಂಬಿದ್ದ. ಇಂಗ್ಲಿಷರು ಅದನ್ನು ಟರ್ಕಿ ಗೋಧಿ ಎಂದರು. ಇಟಲಿಯವರು ಇವತ್ತಿಗೂ ‘ಗ್ರಾನೊತುರ್ಕೊ’ ಎನ್ನುತ್ತಾರೆ. ತುರ್ಕರು ಮಾತ್ರ ಅದನ್ನು ‘ಮಿಸಿರ್’ ಎನ್ನುತ್ತಾರೆ, ಎಂದರೆ ಈಜಿಪ್ಟ್. ಮೆಕ್ಕೆಜೋಳಕ್ಕೆ ಆ ಹೆಸರು ಬರಲು ಯಾವ ಹಳೆಯ ಧಾನ್ಯದ ಗೊಂದಲವನ್ನೂ ಹುಡುಕಬೇಕಾಗಿಲ್ಲ. ಹಾಗಿದ್ದ ಮೇಲೆ ಹಕ್ಕಿಗೂ ಬೇಕಿಲ್ಲವಲ್ಲ.

ಈ ವಾದದ ದೌರ್ಬಲ್ಯವೂ ಅದರ ಬಲದಲ್ಲೇ ಅಡಗಿದೆ. ಯಾವುದನ್ನು ಬೇಕಾದರೂ ವಿವರಿಸಬಲ್ಲ ವಾದ ಈ ಹಕ್ಕಿಯನ್ನೇ ನಿರ್ದಿಷ್ಟವಾಗಿ ವಿವರಿಸಿತೆಂದು ಹೇಳುವುದು ಕಷ್ಟ. ಆಲೂಗೆಡ್ಡೆ, ಟೊಮೆಟೊಗಳೂ ಅದೇ ದಿಕ್ಕಿನಿಂದ ಬಂದವು, ಇಂಗ್ಲಿಷರು ಅವಕ್ಕೆ ಟರ್ಕಿಯ ಹೆಸರು ಹಚ್ಚಲಿಲ್ಲ.

ಕಲ್ಲಿಕೋಟೆಯ ಕೋಳಿ

ಇಂಗ್ಲಿಷಿನಾಚೆ ಹೋದರೆ ನಕ್ಷೆ ಇನ್ನಷ್ಟು ವಿಚಿತ್ರವಾಗುತ್ತದೆ. ಫ್ರೆಂಚರ ‘ದಿಂದ್’ ಎಂದರೆ ಇಂಡಿಯಾದ್ದು. ಪೋಲಿಷಿನ ‘ಇಂದಿಕ್’, ರಷ್ಯನ್ನಿನ ‘ಇಂದೇಯ್ಕ’ ಅದೇ ಬಳಗದವು. ಹೀಬ್ರೂವಿನಲ್ಲಿ ಅದು ಭಾರತದ ಹುಂಜ. ಈಜಿಪ್ಟಿನ ಅರಬ್ಬಿಯಲ್ಲಿ ರೂಮಿ ಹುಂಜ, ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ ಫ್ರೆಂಚ್ ಹೇಂಟೆ, ಮಲಯ ಭಾಷೆಯಲ್ಲಿ ಡಚ್ ಕೋಳಿ. ಪೋರ್ಚುಗೀಸರು ‘ಪೆರು’ ಎಂದರು. ಅಮೆರಿಕದ ದಿಕ್ಕು ಸರಿ, ದೇಶ ತಪ್ಪು. ಹಿಂದಿಯ ‘ಪೀರೂ’ ಪೋರ್ಚುಗೀಸರಿಂದಲೇ ಬಂದದ್ದು.

ಇಂಡಿಯಾದ ಹೆಸರಿಗೆ ಕಾರಣ ಹುಡುಕುವುದು ಕಷ್ಟವಲ್ಲ. ಕೊಲಂಬಸ್ ತಲುಪಿದ ದ್ವೀಪಗಳನ್ನು ಸ್ಪ್ಯಾನಿಷರು ಇಂಡೀಸ್ ಎಂದೇ ಕರೆಯುತ್ತಿದ್ದರು. ಆ ಅರ್ಥದಲ್ಲಿ ಫ್ರೆಂಚ್ ಹೆಸರು ತಪ್ಪೇ ಅಲ್ಲ. ನಿಜವಾದ ಒಗಟು ಡಚ್ಚರದು. ಅವರ ‘ಕಾಲ್ಕೂನ್’ ಹುಟ್ಟಿದ್ದು ಕೇರಳದ ಕಲ್ಲಿಕೋಟೆಯಿಂದ. ಡೇನರ ‘ಕಾಲ್ಕುನ್’ ಕೂಡ ಅದೇ. ಜರ್ಮನರೂ ಹಿಂದೆ ಕಲ್ಲಿಕೋಟೆಯ ಹುಂಜ ಎನ್ನುತ್ತಿದ್ದರು. ವಾಸ್ಕೊ ಡ ಗಾಮ 1498ರಲ್ಲಿ ತಲುಪಿದ ಮೇಲೆ ಕಲ್ಲಿಕೋಟೆ ಯುರೋಪಿನ ಮನೆಮಾತಾಗಿತ್ತು. ಇಂಡಿಯಾದ ಹುಂಜ ಎಂದು ಕೇಳಿದವರು ಅದನ್ನು ಪೂರ್ವದ ಇಂಡಿಯಾ ಎಂದು ತಿಳಿದು, ತಮಗೆ ಗೊತ್ತಿದ್ದ ಒಂದೇ ಪಟ್ಟಣದ ಹೆಸರಿಟ್ಟರು ಎಂಬುದು ಸಂಭವನೀಯ ಊಹೆ. ಮುಂದೆ ಡಚ್ಚರು ಸಿಂಹಳಕ್ಕೆ ಬಂದಾಗ ಹಕ್ಕಿಯೊಂದಿಗೆ ಹೆಸರೂ ಬಂತು. ಸಿಂಹಳ ಭಾಷೆಯಲ್ಲಿ ಟರ್ಕಿ ಕೋಳಿ ಇಂದಿಗೂ ‘ಕಳುಕುಮಾ’. ಮಲಬಾರಿನ ಊರೊಂದರ ಹೆಸರು ಯುರೋಪು ಸುತ್ತಿ, ಹಕ್ಕಿಯ ವೇಷದಲ್ಲಿ ಅದರ ನೆರೆಯ ದ್ವೀಪಕ್ಕೆ ಮರಳಿತು.

ಭಾರತದ ನೆಲದ ಮೇಲೆ ಈ ಹಕ್ಕಿಯ ಮೊದಲ ವಿವರವಾದ ಚಿತ್ರಣ ಸಿಗುವುದು ಮೊಗಲ್ ದೊರೆ ಜಹಾಂಗೀರನ ಆತ್ಮಕತೆಯಲ್ಲಿ. 1612ರಲ್ಲಿ ಮುಕರ್ರಬ್ ಖಾನ್ ಗೋವೆಯಿಂದ ಕೆಲವು ಅಪರೂಪದ ಪ್ರಾಣಿಪಕ್ಷಿಗಳನ್ನು ತಂದೊಪ್ಪಿಸಿದ. ಅವುಗಳ ಹೆಸರು ಯಾರಿಗೂ ಗೊತ್ತಿರಲಿಲ್ಲ ಎಂದು ಜಹಾಂಗೀರ್ ಬರೆಯುತ್ತಾನೆ. ಆಮೇಲೆ ನೋಡಿದ್ದನ್ನಷ್ಟೇ ಹೇಳುತ್ತ ಹೋಗುತ್ತಾನೆ: ಮೈಗಾತ್ರ ಹೆಣ್ಣು ನವಿಲಿಗಿಂತ ದೊಡ್ಡದು, ಗಂಡು ನವಿಲಿಗಿಂತ ಚಿಕ್ಕದು. ಮದವೇರಿದಾಗ ಗರಿ ಕೆದರಿ ಕುಣಿಯುತ್ತದೆ. ತಲೆ ಮತ್ತು ಕೊರಳು ಗಳಿಗೆಗೊಂದು ಬಣ್ಣ ತಾಳುತ್ತವೆ, ಒಮ್ಮೆ ಹವಳ, ಒಮ್ಮೆ ಹತ್ತಿ. ತಲೆಯ ಮೇಲಿನ ಮಾಂಸದ ತುಂಡು ಆನೆಯ ಸೊಂಡಿಲಿನಂತೆ ಜೋತು, ಎಳೆದುಕೊಂಡಾಗ ಖಡ್ಗಮೃಗದ ಕೊಂಬಿನಂತೆ ನಿಲ್ಲುತ್ತದೆ. ಬರೆದದ್ದು ಸಾಲದೆಂದು ಚಿತ್ರವನ್ನೂ ಬರೆಸಿದ. ಉಸ್ತಾದ್ ಮನ್ಸೂರ್ ಬರೆದ ಆ ಹಕ್ಕಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಊರಿನ ಹೆಸರು ಹಚ್ಚದೆ ಹಕ್ಕಿಯನ್ನು ಹಕ್ಕಿಯಾಗಿಯೇ ಕಂಡ ಬರಹ ಆ ಕಾಲದಲ್ಲಿ ಇನ್ನೊಂದು ಸಿಗುವುದು ಅಪರೂಪ. ಇಂದಿನ ಪಾರಸಿಯಲ್ಲಿ ಟರ್ಕಿ ಕೋಳಿಗಿರುವ ‘ಬೂಕಲಮೂನ್’ ಎಂಬ ಹೆಸರಿನಲ್ಲೂ ದೇಶವಿಲ್ಲ, ಬಣ್ಣ ಬದಲಿಸುವುದು ಎಂಬ ಅರ್ಥವಿದೆ.

ತುಕ್ಕಿ ಮತ್ತು ತೋಕೆ

ಹೀಬ್ರೂ ಕತೆ ದ್ರಾವಿಡ ನುಡಿಗಳನ್ನು ಆಡುವವರ ಕುತೂಹಲ ಕೆರಳಿಸುವಂಥದು. ಬೈಬಲ್ಲಿನ ಮೊದಲನೆಯ ಅರಸುಗಳ ಗ್ರಂಥದಲ್ಲಿ ಸೊಲೊಮೋನನ ಹಡಗುಗಳು ಚಿನ್ನ, ಬೆಳ್ಳಿ, ದಂತ, ಮಂಗಗಳೊಂದಿಗೆ ‘ತುಕ್ಕಿ’ಗಳನ್ನೂ ತರುತ್ತವೆ. ತುಕ್ಕಿ ಎಂದರೆ ನವಿಲು, ಅದು ತಮಿಳಿನ ‘ತೋಗೈ’ ಎಂಬ ಪದದಿಂದ ಬಂದದ್ದು ಎಂಬ ವಿಚಾರವನ್ನು ಕಾಲ್ಡ್‌ವೆಲ್ 1856ರ ತನ್ನ ದ್ರಾವಿಡ ವ್ಯಾಕರಣದಲ್ಲಿ ಚರ್ಚಿಸಿದ್ದಾನೆ. ಕನ್ನಡದಲ್ಲಿ ಬಾಲ ಎಂಬರ್ಥದ ‘ತೋಕೆ’ ಅದರ ಸೋದರ ಪದ. ಇಲ್ಲಿಯವರೆಗೆ ವಿದ್ವಾಂಸರ ಮಾತು. ಇದರ ಮೇಲೆ ಕಟ್ಟಿದ ಕತೆ ಏನೆಂದರೆ, ಕೊಲಂಬಸನ ಮೊದಲ ಯಾನದಲ್ಲಿ ದುಭಾಷಿಯಾಗಿದ್ದ, ಯೆಹೂದಿ ಮೂಲದ ಲೂಯಿಸ್ ದೆ ತೊರ್ರೆಸ್ ಅಮೆರಿಕದ ಹಕ್ಕಿಯನ್ನು ನೋಡಿ ತುಕ್ಕಿ ಎಂದ, ಅದೇ ಟರ್ಕಿಯಾಯಿತು ಎಂಬುದು.

ನಿಜವಾಗಿದ್ದರೆ ನಮ್ಮ ತೋಕೆಗೆ ಎಂಥ ಯೋಗ! ಆದರೆ ಕತೆ ನಿಲ್ಲುವುದಿಲ್ಲ. ಮೊದಲ ಯಾನದ ಕೆರಿಬಿಯನ್ ದ್ವೀಪಗಳಲ್ಲಿ ಈ ಹಕ್ಕಿ ಇರಲೇ ಇಲ್ಲ. ತೊರ್ರೆಸ್ ಆಡಿದ್ದರೆ ಆ ಪದ ಮೊದಲು ಸ್ಪ್ಯಾನಿಷಿನಲ್ಲಿ ಕಾಣಬೇಕಿತ್ತು, ಅಲ್ಲಿರುವುದು ಪಾವೊ. ಎಲ್ಲಕ್ಕಿಂತ ಮುಖ್ಯವಾಗಿ, ಇಂಗ್ಲಿಷಿನಲ್ಲಿ ಮೊದಲು ಬಂದದ್ದು ಟರ್ಕಿ ಹುಂಜ ಎಂಬ ಜೋಡುಪದ, ಗಿನಿ ಹುಂಜ ಎಂದಂತೆ. ಊರಿನ ಹೆಸರಾಗಿಯೇ ಅದು ಹುಟ್ಟಿದೆ. ಹಕ್ಕಿಯ ಕೂಗಿನಿಂದ ಹೆಸರು ಬಂತೆನ್ನುವ, ಅಮೆರಿಕದ ಮೂಲನಿವಾಸಿಗಳ ‘ಫಿರ್ಕಿ’ ಎಂಬ ಪದದಿಂದ ಬಂತೆನ್ನುವ ವಾದಗಳಿಗೂ ಇದೇ ಉತ್ತರ ಸಾಕು. ಇಂಗ್ಲಿಷರು ಉತ್ತರ ಅಮೆರಿಕದಲ್ಲಿ ನೆಲೆಯೂರುವ ದಶಕಗಳ ಮೊದಲೇ ಈ ಹೆಸರು ಅವರ ಅಡುಗೆಮನೆಯಲ್ಲಿತ್ತು.

ಇನ್ನೂ ತೀರದ್ದು

ಇಷ್ಟೆಲ್ಲ ಸೋಸಿದ ಮೇಲೂ ಕೆಲವು ಪ್ರಶ್ನೆಗಳು ಉಳಿಯುತ್ತವೆ. ಗಿನಿ ಕೋಳಿಯನ್ನು ಇಂಗ್ಲಿಷರು ಟರ್ಕಿ ಕೋಳಿ ಎಂದು ಕರೆದದ್ದು ಅಮೆರಿಕದ ಹಕ್ಕಿ ಬರುವ ಮೊದಲೋ, ಬಂದ ಮೇಲೆ ಅದನ್ನು ನೋಡಿಯೋ? ಮೊದಲಾದರೆ ನಿಘಂಟುಗಳ ಮಾತು ನಿಲ್ಲುತ್ತದೆ, ಆಮೇಲೆ ಆದರೆ ಗೊಂದಲ ತಲೆಕೆಳಗಾಗಿ ನಡೆದಿದೆ. ಕೊನ್ರಾಡ್ ಹೆರೆಸ್‌ಬಾಕನ ಕೃಷಿಗ್ರಂಥವನ್ನು ಬಾರ್ನಬಿ ಗೂಜ್ 1577ರಲ್ಲಿ ಇಂಗ್ಲಿಷಿಗೆ ತಂದಾಗ ಗಿನಿ ಹುಂಜ, ಟರ್ಕಿ ಹುಂಜ ಎಂಬ ಎರಡು ಹೆಸರನ್ನೂ ಒಟ್ಟೊಟ್ಟಿಗೆ ಬಳಸಿದ. ಎರಡು ಹಕ್ಕಿಗಳೋ, ಒಂದೇ ಹಕ್ಕಿಯ ಎರಡು ಹೆಸರೋ ಎಂದು ಓದುಗರು ಇವತ್ತಿಗೂ ತಡಕಾಡುತ್ತಾರೆ.

ನೆರೆಹೊರೆಯ ಫ್ರಾನ್ಸ್ ಇಂಡಿಯಾ ಎಂದಾಗ, ಹಾಲೆಂಡ್ ಕಲ್ಲಿಕೋಟೆ ಎಂದಾಗ, ಇಂಗ್ಲೆಂಡ್ ಏಕೆ ಟರ್ಕಿಯನ್ನೇ ಆರಿಸಿಕೊಂಡಿತು ಎಂಬುದಕ್ಕೆ ಪರದೇಶದ ವಾದದಲ್ಲಿಯೂ ಉತ್ತರವಿಲ್ಲ, ಅದರ ಕಡೆ ವಾಲಿದ ನನ್ನ ಬಳಿಯೂ ಇಲ್ಲ. ವರ್ತಕರ ವಾದ ಸೋತಿತೆಂದು ಪೂರ್ತಿ ತಳ್ಳಿಹಾಕಲು ಆಗದಿರುವುದು ಇದರಿಂದಲೇ. ಆ ನಿರ್ದಿಷ್ಟ ಆಯ್ಕೆಯ ಹಿಂದೆ ಯಾರೋ ಒಬ್ಬ ಮಾರಾಟಗಾರ ಇದ್ದಿರಬಹುದು.

ಇದನ್ನು ತೀರ್ಮಾನಿಸಬಲ್ಲದ್ದು ಭಾಷಾಶಾಸ್ತ್ರಕ್ಕಿಂತ ಹೆಚ್ಚಾಗಿ ಬಂದರಿನ ಸುಂಕದ ಕಡತಗಳು, ದೊಡ್ಡ ಮನೆಗಳ ಅಡುಗೆ ಲೆಕ್ಕಗಳು. 1541ಕ್ಕಿಂತ ಹಿಂದಿನ ಯಾವುದಾದರೂ ಹಾಳೆಯಲ್ಲಿ ಹಕ್ಕಿಯ ಹೆಸರು, ಕೊಟ್ಟ ಬೆಲೆ, ತಂದ ಹಡಗು ಮೂರೂ ಒಟ್ಟಿಗೆ ಸಿಗಬೇಕು. ಅದೇ ಕಾಲದ ಕಸದ ಗುಂಡಿಗಳಲ್ಲಿ ಗಿನಿ ಕೋಳಿಯ ಮೂಳೆ ಎಷ್ಟು, ಟರ್ಕಿ ಕೋಳಿಯದು ಎಷ್ಟು ಎಂದು ಎಕ್ಸೆಟರಿನಲ್ಲಿ ಮಾಡಿದಂತೆ ಊರೂರಿನಲ್ಲಿ ಎಣಿಸಬೇಕು. ಆ ಹೊತ್ತಿಗೆ ಮೇಲಿನ ಮೂರು ವಾದಗಳಲ್ಲಿ ಒಂದಾದರೂ ಬಿದ್ದುಹೋಗುತ್ತದೆ ಎಂಬುದು ನನ್ನ ನಂಬಿಕೆ.